ಹೊಲಿಗೆ ಬ್ಯಾಚಿನ ಒಂದು ಸೀಟು

ಬೆಟಗೇರಿಯ ಬನಶಂಕರೆವ್ವ ಹೊಲಿಗೆ ಕಲಿಯಲು ಹೋಗಿ ಮೂರು ದಿನ ಎಮ್ಮೆ ಸಾಕುವವರ ನಡುವೆ ಕುಳಿತು ಬಂದಳು ಎಂದರೆ ಅವಳ ಓಣಿಯಲ್ಲಿ ಇವತ್ತಿಗೂ ನಗದವರಿಲ್ಲ. ನಗುವವರಿಗೇನು, ನಗುತ್ತಾರೆ. ಗದಗಿನ ಆಚೆಗಿರುವ ಆ ಸರಕಾರಿ ತರಬೇತಿ ಕೇಂದ್ರವನ್ನು ಒಮ್ಮೆ ನೋಡಿದವರು ಮಾತ್ರ ಅವಳನ್ನು ದಡ್ಡಿ ಎನ್ನಲಾರರು. ಅಲ್ಲಿ ಎಲ್ಲ ಕೋಣೆಗಳಿಗೂ ಒಂದೇ ಬಣ್ಣ. ಹೊಲಿಗೆ ಕಲಿಯುವವರಿರಲಿ, ಎಮ್ಮೆ ಸಾಕುವವರಿರಲಿ, ಮೊದಲ ಮೂರು ದಿನ ಎಲ್ಲರಿಗೂ ಒಂದೇ ಪಾಠ. ಹಾಡು ಹೇಳಿಸುತ್ತಾರೆ, ಆಟ ಆಡಿಸುತ್ತಾರೆ, ಕೈ ಎತ್ತಿಸಿ ‘ನಾನು ಮಾಡಬಲ್ಲೆ’ ಎಂದು ಕೂಗಿಸುತ್ತಾರೆ. ಸ್ವಂತ ಧಂದೆ ಮಾಡಬೇಕಾದರೆ ಮೊದಲು ಎದೆ ಗಟ್ಟಿಯಾಗಬೇಕಂತೆ. ಆ ಮೂರು ದಿನ ಅಲ್ಲಿ ಸೂಜಿಯೂ ಕಾಣುವುದಿಲ್ಲ, ಸಗಣಿಯೂ ಕಾಣುವುದಿಲ್ಲ.

ಬನಶಂಕರೆವ್ವ ನೇಕಾರರ ಮನೆಯವಳು. ಮದುವೆಯಾದಾಗಿನಿಂದ ಗಂಡ ಹನುಮಪ್ಪನ ಕೈಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಟ್ಟೇ ಅವಳ ಆಯುಷ್ಯ ಕಳೆದಿತ್ತು. ಈಚೆಗೆ ನೂಲು ಕೊಡುವ ಸಾಹುಕಾರರು ಒಂದು ವಾರ ಕೊಟ್ಟರೆ ಎರಡು ವಾರ ಮುಖ ತೋರಿಸುತ್ತಿರಲಿಲ್ಲ. ಹೊಲಿಗೆ ಕಲಿತರೆ ಮನೆಯಲ್ಲೇ ಕುಳಿತು ನಾಲ್ಕು ಕಾಸು ನೋಡಬಹುದು ಎಂದು ಮಗಳು ಸೌಂದರ್ಯಾ ಮೊಬೈಲಿನಲ್ಲಿ ಅವ್ವನ ಅರ್ಜಿ ಹಾಕಿದಳು. ನಲವತ್ತೈದು ದಾಟಿದವರನ್ನು ಕೇಂದ್ರದಲ್ಲಿ ಸೇರಿಸಿಕೊಳ್ಳುವುದಿಲ್ಲ. ಬನಶಂಕರೆವ್ವನಿಗೆ ಬರುವ ದೀಪಾವಳಿಗೆ ಅಷ್ಟು ತುಂಬುತ್ತಿತ್ತು. ಈ ಬ್ಯಾಚು ತಪ್ಪಿದರೆ ಅವಳ ಪಾಲಿಗೆ ಇನ್ನೊಂದು ಬ್ಯಾಚು ಇರಲಿಲ್ಲ.

ತರಬೇತಿಯ ಮೊದಲ ದಿನವೇ ಆಟೋ ಕೆಟ್ಟು ಅವಳು ಕೇಂದ್ರಕ್ಕೆ ತಡವಾಗಿ ಮುಟ್ಟಿದಳು. ಒಂದು ಕೋಣೆಯಲ್ಲಿ ಹೆಂಗಸರು ಚಪ್ಪಾಳೆ ತಟ್ಟುತ್ತ ಹಾಡುತ್ತಿದ್ದರು. ಇಷ್ಟು ಮಂದಿ ಹೆಂಗಸರು ಹೊಲಿಗೆಗಲ್ಲದೆ ಇನ್ನೇತಕ್ಕೆ ಬರುತ್ತಾರೆ ಎಂದುಕೊಂಡು ಹೋಗಿ ಕುಳಿತಳು. ಹಾಜರಿ ಕರೆದಾಗ ಅವಳ ಹೆಸರು ಬರಲಿಲ್ಲ. ಕೇಳಿದ್ದಕ್ಕೆ, ಕರೆಯುತ್ತಿದ್ದ ಹುಡುಗಿ, “ಬಿಟ್ಟುಹೋಗಿರಬೇಕ್ರಿ, ಬರಕೋತೀನಿ ಕುಂಡ್ರಿ” ಎಂದಳು. ಸರಕಾರಿ ಕೆಲಸ, ಬಿಟ್ಟುಹೋಗುವುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಎರಡನೆಯ ದಿನ ರಿಂಗು ಎಸೆಯುವ ಆಟ. ಪಾಠ ಹೇಳುವ ಆನಂದ ಸರ್ ದೂರದಲ್ಲೊಂದು ಗೂಟ ನಿಲ್ಲಿಸಿ, ಎಲ್ಲಿಂದ ಬೇಕಾದರೂ ನಿಂತು ಎಸೆಯಿರಿ ಎಂದರು. ಬನಶಂಕರೆವ್ವ ಗೂಟದ ಮಗ್ಗುಲಿಗೇ ಹೋಗಿ ನಿಂತು ಎಲ್ಲ ರಿಂಗನ್ನೂ ಹಾಕಿ ತಿರುಗಿ ನೋಡಿದಳು. ಸರ್ ನಗುತ್ತಿದ್ದರು.

“ಇಷ್ಟ ಹತ್ರ ನಿಂತ್ರ ಧಂದೆ ಆಗೂದಿಲ್ರಿ ಬನಶಂಕರೆವ್ವಾರ.”

“ಎಲ್ಲಾ ಬಿದ್ದಾವಲ್ರೀ ಸರ?”

“ಬಿದ್ದಾವ್ರಿ. ಅದಕ್ಕ ಹೇಳಾಕತ್ತೀನಿ.”

ಊಟಕ್ಕೆ ಕುಳಿತರೂ ಅವಳಿಗೆ ಈ ಮಾತು ಬಗೆಹರಿಯಲಿಲ್ಲ. ಒಂದು ಎಳೆ ತಪ್ಪಿದರೂ ಸೀರೆ ಕೆಡುವ ಮನೆಯಿಂದ ಬಂದವಳು ಬೇಕೆಂದೇ ತಪ್ಪುವಷ್ಟು ದೂರ ಏಕೆ ನಿಲ್ಲಬೇಕು? ಆದರೂ ಪ್ಯಾಟಿಯವಳು ಎಂದು ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ಹೆಂಗಸರೆಲ್ಲ ಸೇರಿ ಅವಳನ್ನೇ ಲೀಡರ್ ಮಾಡಿದರು. ಅವರು ಹೊತ್ತು ಹೊತ್ತಿಗೂ ಎಮ್ಮೆಯ ಮಾತೇ ಆಡುತ್ತಿದ್ದರು. ಹಳ್ಳಿಯವರು, ಪಾಪ, ಮನೆ ನೆನಪಾಗಿರಬೇಕು ಎಂದು ಈ ಲೀಡರಮ್ಮ ಮರುಗಿದಳು.

ನಾಲ್ಕನೆಯ ದಿನ ಎಲ್ಲರನ್ನೂ ಕಟ್ಟಡದ ಹಿಂದೆ ಕರೆದುಕೊಂಡು ಹೋದರು. ಬನಶಂಕರೆವ್ವ ಹೊಸ ಕತ್ತರಿ ಹಿಡಿದುಕೊಂಡೇ ಹೋದಳು. ಅಲ್ಲಿ ಒಂದು ಎಮ್ಮೆ ಕಟ್ಟಿತ್ತು, ಪಕ್ಕದಲ್ಲಿ ದನದ ಡಾಕ್ಟರು ನಿಂತಿದ್ದರು.

“ಸರ, ಮಶೀನ್ ಎಲ್ಲೈತ್ರಿ?”

“ಹಾಲು ಹಿಂಡೋ ಮಶೀನೇನ್ರಿ? ಅದು ಮುಂದಿನ ವಾರ” ಎಂದರು ಆನಂದ ಸರ್. ಅವಳ ಕೈಯಲ್ಲಿದ್ದ ಕತ್ತರಿ ನೋಡಿದ ಮೇಲೆ ಅವರ ಮುಖದ ಬಣ್ಣವೂ ಬದಲಾಯಿತು.

ಆಫೀಸಿನಲ್ಲಿ ವಿಚಾರಿಸಿದಾಗ ಗೊಂದಲ ಇನ್ನೂ ಹೆಚ್ಚಿತು. ಹೊಲಿಗೆ ಬ್ಯಾಚಿನಲ್ಲಿ ಬನಶಂಕರೆವ್ವ ಎಂಬಾಕೆ ಮೂರು ದಿನವೂ ತಪ್ಪದೆ ಹಾಜರಿದ್ದಳು! ಆ ಬನಶಂಕರೆವ್ವನನ್ನು ಕರೆಸಿದರು. ಬಂದವಳು ಮರಿಯವ್ವ, ಸಿಂಗಟಾಲೂರಿನ ಸೊಸೆ, ಸಣ್ಣ ವಯಸ್ಸಿನ ಹೆಣ್ಣುಮಗಳು. ಮನೆಯವರು ಅವಳನ್ನು ಕಳಿಸಿದ್ದು ಎಮ್ಮೆಯ ತರಬೇತಿಗೆ.

“ಕೋಣೆ ತಪ್ಪಿತೇನ್ರಿ?” ಎಂದು ಸರ್ ತಪ್ಪಿಸಿಕೊಳ್ಳಲು ದಾರಿ ತೋರಿಸುವಂತೆ ಕೇಳಿದರು.

“ಇಲ್ರಿ. ಬೇಕಂತನ ಕುಂತೀನ್ರಿ” ಎಂದಳು ಮರಿಯವ್ವ. “ಎಮ್ಮಿದು ನನಗೇನ್ ಕಲಸ್ತೀರಿ ಸರ? ತಿಳುವಳಿಕಿ ಬಂದಾಗಿಂದ ಕೊಟ್ಟಿಗ್ಯಾಗ ಹೆಂಡಿ ಬಳದೀನಿ. ಹೊಲಿಗಿ ಕೋಣಿ ಬಾಗಲ್ದಾಗ ನಿಂತು ನೋಡಾಕತ್ತಿದ್ದೆ. ಯಾರದೋ ಹೆಸರು ಕರದ್ರು, ಯಾರೂ ಓ ಅನಲಿಲ್ಲ. ನಾ ಅಂದೆ.”

“ಯಾರದೋ ಅಲ್ಲವಾ, ಅದು ನನ್ನ ಹೆಸರು!” ಬನಶಂಕರೆವ್ವನ ನೆತ್ತಿಗೆ ಸಿಟ್ಟು ಏರಿತು. “ನಾಚಿಕಿ ಅನ್ನೂದು ಐತೋ ಇಲ್ಲೋ ನಿನಗ?”

ಮರಿಯವ್ವ ತಲೆ ತಗ್ಗಿಸಿದಳು. ಹೊಲಿಗೆ ಮಶೀನುಗಳು ಎಷ್ಟಿದ್ದವೋ ಅಷ್ಟೇ ಜನ. ಇಬ್ಬರಿಗೂ ಕೊಡಲು ಬರುವಂತಿರಲಿಲ್ಲ. ಸರ್ ಕೈ ತೊಳೆದುಕೊಂಡರು. “ಸೀಟು ನಿಮ್ಮದ್ರಿ ಬನಶಂಕರೆವ್ವಾರ. ಬೇಕಂದ್ರ ಆ ಕಡಿ ಹೋಗ್ರಿ. ಬ್ಯಾಡಂದ್ರ ಇಲ್ಲೇ ಇರ್ರಿ. ಸಂಜಿಗೆ ಹೇಳ್ರಿ.”

ಹೊರಗೆ ಕಟ್ಟೆಯ ಮೇಲೆ ಮರಿಯವ್ವ ಅವಳ ಪಕ್ಕಕ್ಕೆ ಬಂದು ಕುಳಿತು ಪೇಪರಿನಲ್ಲಿ ಕತ್ತರಿಸಿದ ಒಂದು ಜಂಪರನ್ನು ಬಿಚ್ಚಿ ತೋರಿಸಿದಳು. “ಇವತ್ತ ಮುಂಜಾನಿ ಕತ್ತರಿಸೀನಿ ಅಕ್ಕಾ. ನೀವು ಇಲ್ಲೇ ಊರಾಗಿನವರು, ಎಲ್ಲ್ಯಾದ್ರೂ ಕಲೀತೀರಿ. ನನ್ನ ಇನ್ನೊಮ್ಮೆ ಕಳಸೂದಿಲ್ರಿ.”

“ನನಗೂ ಇನ್ನೊಮ್ಮೆ ಇಲ್ಲವಾ. ದೀಪಾವಳಿಗೆ ನನ್ನ ವಯಸ್ಸು ಮುಗೀತೈತಿ.”

ಬನಶಂಕರೆವ್ವ ಮನೆಗೆ ಫೋನ್ ಹಚ್ಚಿದಳು. “ಅವ್ವಾ, ಸೀಟು ನಿಂದು. ಕೊಟ್ಟುಗಿಟ್ಟಿ ಮತ್ತ!” ಎಂದು ಸೌಂದರ್ಯಾ ಒದರಿದಳು. ಹನುಮಪ್ಪ, “ನಿನಗ ಹೆಂಗ ತಿಳೀತೈತಿ ಹಂಗ ಮಾಡು” ಎಂದು ಇಟ್ಟುಬಿಟ್ಟ. ಅವಳಿಗೆ ಗಂಡನ ಮೇಲೇ ಹೆಚ್ಚು ಸಿಟ್ಟು ಬಂತು. ತಿಳಿದಿದ್ದರೆ ಕೇಳುತ್ತಿದ್ದಳೇ? ಹೊಲಿಗೆಯ ಮೇಲೆ ಅವಳಿಗೆ ಅಂಥ ಆಸೆಯೇನೂ ಇರಲಿಲ್ಲ, ಆದರೆ ಹೊಟ್ಟೆಪಾಡಿಗೆ ಹೊಲಿಗೆ ಬೇಕಾಗಿತ್ತು. ಈ ಹುಡುಗಿಗೆ ಹಾಗೆ ಬೇಕಾಗಿರಲಿಲ್ಲ, ಆದರೆ ಆಸೆ ಇತ್ತು. ಎರಡರಲ್ಲಿ ಯಾವುದು ದೊಡ್ಡದು ಎಂದು ಆಟ ಆಡಿಸಿದ ಮೂರು ದಿನದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಸಂಜೆ ಅವಳು ತನ್ನ ಸೀಟು ತೆಗೆದುಕೊಂಡಳು. ಮರಿಯವ್ವ ಜಗಳವಾಡಲಿಲ್ಲ, ಅಳಲಿಲ್ಲ. ಪೇಪರು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎಮ್ಮೆಯ ಕಡೆ ನಡೆದಳು. ಮುಂದೆ ತಿಂಗಳೊಪ್ಪತ್ತು ಇಬ್ಬರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂರುತ್ತಿದ್ದರು. “ಮಜ್ಜಗಿ ಹಾಕಲೇನಕ್ಕಾ?” ಎಂದು ಮರಿಯವ್ವ ಏನೂ ಆಗದವಳಂತೆ ಕೇಳುತ್ತಿದ್ದಳು. ಅವಳು ಒಂದು ಸಲವಾದರೂ ಬೈದಿದ್ದರೆ ಬನಶಂಕರೆವ್ವನಿಗೆ ತುತ್ತು ಸರಾಗ ಇಳಿಯುತ್ತಿತ್ತು. ಎಮ್ಮೆ ಬ್ಯಾಚಿನಲ್ಲಿ ಎಲ್ಲರಿಗಿಂತ ಮುಂದೆ ಬಂದದ್ದು ಮರಿಯವ್ವನೇ.

ಈಗ ಬೆಟಗೇರಿಯ ಮನೆಯ ಪಡಸಾಲೆಯಲ್ಲಿ ಬನಶಂಕರೆವ್ವನ ಮಶೀನು ನಿಂತಿದೆ. ಹೊರಗೆ ಸೌಂದರ್ಯಾ ಬರೆಸಿದ ಬೋರ್ಡು ತೂಗುತ್ತಿದೆ. ಹಬ್ಬ, ಮದುವೆ ಬಂತೆಂದರೆ ಅವಳಿಗೆ ತಲೆ ಎತ್ತಲು ಪುರಸೊತ್ತಿಲ್ಲ. ನೂಲು ಸಿಗದ ದಿನ ಹನುಮಪ್ಪನೇ ಚಸ್ಮಾ ಏರಿಸಿಕೊಂಡು ಹುಕ್ಕು ಹಚ್ಚಿಕೊಡುತ್ತಾನೆ. ಎಲ್ಲ ಸರಿಯಾಗಿದೆ. ಸರಿಯಾಗಿದ್ದೂ ಯಾರಾದರೂ “ಕೈ ಭಾಳ ಛಲೋ ಐತಿ ನಿಂದು” ಎಂದರೆ ಅವಳಿಗೆ ಹಿಗ್ಗಬೇಕೋ ಬೇಡವೋ ತಿಳಿಯುವುದಿಲ್ಲ.

ಹೋದ ಶ್ರಾವಣದಲ್ಲಿ ಮರಿಯವ್ವ ಮನೆ ಹುಡುಕಿಕೊಂಡು ಬಂದಳು. ಗದಗಿನ ದವಾಖಾನೆಗೆ ಅತ್ತೆಯನ್ನು ತೋರಿಸಲು ಬಂದವಳು, ಅತ್ತೆಯನ್ನು ಬೀಗರ ಮನೆಯಲ್ಲಿ ಬಿಟ್ಟು ಬಂದಿದ್ದಳು. ಕೈಯಲ್ಲೊಂದು ಜಂಪರ್ ಪೀಸು. “ಇದನ್ನ ಹೊಲದು ಕೊಡ್ರಿ ಅಕ್ಕಾ.”

ಬನಶಂಕರೆವ್ವ ಅಳತೆ ತೆಗೆದುಕೊಂಡಳು, ಬಟ್ಟೆ ಕತ್ತರಿಸಿದಳು. ಮಶೀನಿಗೆ ಕೂರಲು ಹೋದವಳು ಯಾಕೋ ಎದ್ದು ನಿಂತಳು. “ಕುಂಡ್ರು. ನೀನ ಹೊಲಿ.”

“ನನಗೆಲ್ಲಿ ಬರತೈತ್ರಿ!” ಎನ್ನುತ್ತಲೇ ಮರಿಯವ್ವ ಕುಳಿತುಬಿಟ್ಟಳು. ಕಾಲಿಗೆ ಪೆಡಲಿನ ರೂಢಿ ಇರಲಿಲ್ಲ. ಗಾಲಿ ಹಿಂದಕ್ಕೆ ತಿರುಗಿತು, ದಾರ ಹರಿಯಿತು, ಇಬ್ಬರೂ ನಕ್ಕರು. ಬನಶಂಕರೆವ್ವ ಅವಳ ಕೈಮೇಲೆ ಕೈ ಇಟ್ಟು ಬಟ್ಟೆ ಸರಿಸಿಕೊಟ್ಟಳು. ಬಹಳ ಹೊತ್ತಿಗೆ ಒಂದು ತೋಳಿನ ಅಂಚು ಮುಗಿಯಿತು. ಸೊಟ್ಟಗಿತ್ತು. ಮರಿಯವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಬಸ್ಸಿನ ಹೊತ್ತಾತು” ಎಂದು ಒಮ್ಮೆಲೇ ಎದ್ದಳು. “ಸಂಜಿ ಹಾಲಿಗೆ ನಾನ ಬೇಕು. ಈಗ ನಾಕು ಎಮ್ಮಿ ಆಗ್ಯಾವ್ರಿ ಅಕ್ಕಾ. ನನ್ನ ತರಬೇತಿ ಸರ್ಟಿಫಿಕೇಟ್ ನೋಡಿ ಬ್ಯಾಂಕಿನವರು ಮಾವಾರಿಗೆ ಸಾಲ ಕೊಟ್ಟು ಇನ್ನೆರಡು ಕೊಡಿಸಿದ್ರು.”

ಬನಶಂಕರೆವ್ವ ಹೊಸ್ತಿಲಲ್ಲಿ ಅವಳ ಕೈ ಹಿಡಿದಳು. “ನಾ ತಪ್ಪು ಮಾಡಿದ್ನೇನ ಮರಿಯವ್ವಾ?”

“ಏ, ನಿಮ್ಮ ಸೀಟು ನೀವು ತಗೊಂಡ್ರಿ. ಅದರಾಗೇನ್ ತಪ್ಪು?”

ಬನಶಂಕರೆವ್ವ ಇಷ್ಟು ದಿನ ತನಗೆ ತಾನೇ ಹೇಳಿಕೊಂಡದ್ದೂ ಇದೇ ಮಾತು. ಮರಿಯವ್ವನ ಬಾಯಿಂದ ಕೇಳಿದರೂ ಎದೆಯ ಭಾರ ಇಳಿಯಲಿಲ್ಲ.

ಅರ್ಧ ಹೊಲಿದ ಆ ಜಂಪರು ಈಗಲೂ ಗೂಟಕ್ಕೆ ತೂಗುತ್ತಿದೆ. ಮೊನ್ನೆ ಸೌಂದರ್ಯಾ ಅದನ್ನು ಇಳಿಸಿ, ಸೊಟ್ಟ ಹೊಲಿಗೆ ಬಿಚ್ಚಲು ಹೋದಳು.

“ಅದನ್ನ ಮುಟ್ಟಬ್ಯಾಡ” ಎಂದಳು ಬನಶಂಕರೆವ್ವ. “ಇನ್ನೊಂದು ತೋಳು ಆಕಿನ ಬಂದು ಹೊಲೀತಾಳ.”

“ಯಾವಾಗವ್ವಾ?”

ಬನಶಂಕರೆವ್ವ ಜಂಪರನ್ನು ಮತ್ತೆ ಗೂಟಕ್ಕೇ ತೂಗುಹಾಕಿದಳು. ನಾಲ್ಕು ಎಮ್ಮೆ ಬಿಟ್ಟು ಮರಿಯವ್ವ ಯಾವಾಗ ಬರಬೇಕು?