ಮಿಡತೆಯ ತೂಕ

ಗಂಡನದು ಮರ ಕಡೆಯುವ ಕೆಲಸ. ದಿನವಿಡೀ ಲೇತಿನ ಮುಂದೆ ನಿಂತು ಕುರ್ಚಿಗೆ, ಮಂಚಕ್ಕೆ ಕಾಲು ಕಡೆಯುತ್ತಿದ್ದ. ಊರಿಗೆಲ್ಲ ಕಾಲು ಕೊಟ್ಟವನ ಮನೆಯ ಕುರ್ಚಿ ಮಾತ್ರ ಇಟ್ಟಿಗೆಯ ಮೇಲೆ ನಿಂತಿತ್ತು. ಮಿಕ್ಕ ತುಂಡುಗಳಲ್ಲಿ ಚದುರಂಗದ ಕಾಯಿ ಮಾಡುತ್ತಿದ್ದ. ಆನೆ, ಒಂಟೆ, ಕುದುರೆ ಮಾಡಿ ಮಾಡಿ ಬೇಸರವಾಗಿ, ಅಂಗಡಿಯ ಪೆಟ್ಟಿಗೆಯಲ್ಲಿ ಸಿಗದ ಕಾಯಿಗಳನ್ನೂ ಮಾಡತೊಡಗಿದ.

ಮಾಡುವುದು ಸುಲಭ, ತೂಕ ತಿಳಿಯುವುದು ಕಷ್ಟ. ಕುದುರೆ ಅಂದರೆ ಮೂರು ಕಾಲಾಳು, ಆನೆ ಅಂದರೆ ಐದು. ಇದು ಆಡುವವರಿಗೆಲ್ಲ ಗೊತ್ತು. ಹೊಸ ಕಾಯಿಗೆ ಬೆಲೆ ಕಟ್ಟುವವರು ಯಾರು? ಅವನೇ ಒಂದು ದಾರಿ ಕಂಡುಕೊಂಡ. ಒಂದು ಕಡೆಯ ಕುದುರೆ ತೆಗೆದು ಅಲ್ಲಿ ಹೊಸ ಕಾಯಿ ಇಡುವುದು, ಹೆಂಡತಿಯ ಜೊತೆ ಆಡುವುದು, ಹಲಗೆ ತಿರುಗಿಸಿ ಮತ್ತೆ ಆಡುವುದು. ಸೋಲು ಗೆಲುವು ಸಮ ಬಂದರೆ ತೂಕವೂ ಸಮ. ಅವಳು ಚದುರಂಗ ಕಲಿತದ್ದೇ ಹೀಗೆ, ಅವನ ತಕ್ಕಡಿಗೆ ಇನ್ನೊಂದು ತಟ್ಟೆಯಾಗಿ.

ಕೊನೆಗೆ ಮಾಡಿದ್ದು ಮಿಡತೆ. ನೇರವಾಗಲಿ ಓರೆಯಾಗಲಿ ಎಷ್ಟು ದೂರ ಬೇಕಾದರೂ ಹೋಗುತ್ತದೆ. ಆದರೆ ದಾರಿಯಲ್ಲಿ ಒಂದು ಕಾಯಿ ಸಿಗಬೇಕು. ತನ್ನವರೋ ಹಗೆಯವರೋ, ಅದನ್ನು ಹಾರಿ ಅದರ ಬೆನ್ನ ಹಿಂದಿನ ಮನೆಯಲ್ಲೇ ಇಳಿಯಬೇಕು. ಅಲ್ಲಿ ಹಗೆ ಇದ್ದರೆ ಹೊಡೆಯುತ್ತದೆ. ಹಾರಲು ಯಾರೂ ಇಲ್ಲದಿದ್ದರೆ ಕೂತಲ್ಲೇ ಕಲ್ಲು.

ಅಷ್ಟರಲ್ಲಿ ಅವನ ಎದೆ ಕೆಟ್ಟಿತು. ಮರದ ಹೊಟ್ಟು ಒಳಗೆ ಸೇರಿದೆ, ಇನ್ನು ಔಷಧಿ ನಾಟದು ಎಂದರು ಡಾಕ್ಟರು. ಚದುರಂಗದ ಹಲಗೆ ಅವನ ಮಂಚದ ಮೇಲಕ್ಕೆ ಬಂತು.

“ಇದರ ತೂಕ ತಿಳೀದೆ ನಾನು ಹೋಗಲ್ಲ, ಇವಳೇ.”

“ಹಾಗಾದ್ರೆ ತಿಳಿಯೋದೇ ಬೇಡ, ಬಿಡಿ.”

ಆದರೂ ಆಡಿದಳು. ಸಮ ಬಂತು. ಕುದುರೆಗೆ ಕುದುರೆ ಎಂದು ಅವನು ಹಿಗ್ಗಿದ.

ಅವನ ಗೆಳೆಯ, ಗಡಿಯಾರ ರಿಪೇರಿಯವನು, ನೋಡಲು ಬಂದ. ಮಿಡತೆಯ ಕಡೆ ಕೂತು ಅವನ ಜೊತೆ ಆಡಿದ. ಸೋತ. ಮತ್ತೆ ಸೋತ.

“ಅಣ್ಣಾ, ಇದು ಕುದುರೆ ಅಲ್ಲ, ಕುದುರೆ ಮೇಲೆ ಕೂತ ನೊಣ. ಎರಡು ಕಾಲಾಳಿಗೂ ಸಮ ಬರಲ್ಲ.”

ಗಂಡನ ಮುಖ ಬಿಳಿಚಿಕೊಂಡಿತು. ಇಬ್ಬರೇ ಕೂತು ತೂಗಿದ್ದೇ ತಪ್ಪಾಗಿತ್ತು. ಅವಳಿಗೆ ಕಾಯಿ ಹೊಡೆಯಲು ಮನಸ್ಸು ಬಾರದು. ಅವಳು ಆಡಿದರೆ ಹಲಗೆ ತುಂಬಿರುತ್ತದೆ, ತುಂಬಿದ್ದರೆ ಮಿಡತೆಗೆ ಸುಗ್ಗಿ. ಬೇರೆಯವರು ಹೊಡೆದು ಹೊಡೆದು ಬಯಲು ಮಾಡುತ್ತಾರೆ. ಅವನು ತೂಗಿದ್ದು ಮಿಡತೆಯನ್ನಲ್ಲ, ಹೆಂಡತಿಯ ಕೈಯನ್ನು.

“ಅತ್ತಿಗೆ, ಮಿಡತೆ ಕಡೆ ನೀವು ಕೂರಿ,” ಎಂದ ಗೆಳೆಯ. “ಬಯಲು ನಾನು ಮಾಡ್ತೀನಿ.”

ಮಾಡಿಯೂ ಮಾಡಿದ. ಕಾಯಿಗೆ ಕಾಯಿ ಕೊಟ್ಟು ಗುಡಿಸಿ ಹಾಕಿದ. ಕಡೆಗೆ ಅವನಿಗೆ ಉಳಿದದ್ದು ರಾಜ ಮತ್ತು ಒಂದು ಕಾಲಾಳು. ಅವಳಿಗೆ ರಾಜ ಮತ್ತು ದೂರದ ಅಂಚಿನಲ್ಲಿ ಮಿಡತೆ. ಕಾಲಾಳು ಕೊನೆಯ ಸಾಲು ಮುಟ್ಟಿದರೆ ಮಂತ್ರಿಯಾಗುತ್ತದೆ, ಆಟ ಮುಗಿಯುತ್ತದೆ.

“ನಿಮ್ಮ ಹುಳಕ್ಕೆ ಇನ್ನು ಹಾರೋಕೆ ಯಾರಿದ್ದಾರೆ, ಅತ್ತಿಗೆ?”

ಅವಳು ತನ್ನ ರಾಜನನ್ನು ಒಂದೊಂದೇ ಮನೆ ನಡೆಸಿಕೊಂಡು ಹೋದಳು. ಕಾಲಾಳಿನ ಬೆನ್ನಿಗೆ ಅವನ ರಾಜನಿದ್ದ, ಅವಳ ರಾಜ ತಾನೇ ಹೊಡೆಯುವಂತಿರಲಿಲ್ಲ. ಗೆಳೆಯ ನಗುತ್ತ ಕಾಲಾಳನ್ನು ಇನ್ನೊಂದು ಮನೆ ತಳ್ಳಿದ. ಈಗ ಮಿಡತೆ, ಅವಳ ರಾಜ, ಆ ಕಾಲಾಳು, ಮೂರೂ ಒಂದೇ ಓರೆ ಸಾಲಿನಲ್ಲಿದ್ದವು.

ಅವಳು ಮಿಡತೆಯನ್ನು ಎತ್ತಿದಳು. ಬಯಲನ್ನೆಲ್ಲ ದಾಟಿ, ರಾಜನ ತಲೆಯ ಮೇಲೆ ಹಾರಿ, ಕಾಲಾಳನ್ನು ಹೊಡೆದು ಕೂತಿತು. ಅದನ್ನು ಹೊಡೆಯಲು ಗೆಳೆಯನಿಗೆ ಆಗಲಿಲ್ಲ, ಅವಳ ರಾಜ ಅಲ್ಲೇ ಕಾವಲಿದ್ದ. ಇನ್ನು ಗೆಲ್ಲಲು ಇಬ್ಬರಿಗೂ ಕಾಯಿ ಸಾಲದು, ಆಟ ಸಮ.

ಗೆಳೆಯನ ಬಾಯಿ ತೆರೆದೇ ಇತ್ತು. ಅಂಗೈಯಲ್ಲಿ ಮುಚ್ಚಿ ಹೋಗುವ ಮರದ ಹುಳಕ್ಕೆ ರಾಜನೇ ನಡೆದು ಬಂದು ಬೆನ್ನು ಕೊಟ್ಟಿದ್ದ. ತಾನೇ ಆಡಿದ್ದು ಎಂದು ಅವಳಿಗೆ ನಂಬಿಕೆ ಬರಲಿಲ್ಲ.

“ಈಗ ಹೇಳಣ್ಣ, ಎಷ್ಟು ತೂಕ ಇದು?” ಎಂದ ಗೆಳೆಯ.

ಗಂಡ ದಿಂಬಿನಿಂದ ತಲೆ ಎತ್ತಿ ಹಲಗೆಯನ್ನು ನೋಡಿದ. ಬಹಳ ಹೊತ್ತು ನೋಡಿದ. ದೇವರ ಮುಂದೆಯೂ ಅವನು ಹಾಗೆ ನೋಡುತ್ತ ನಿಂತದ್ದನ್ನು ಅವಳು ಕಂಡಿರಲಿಲ್ಲ.

“ಹಾಗೇ ಇರಲಿ, ತೆಗೀಬೇಡ,” ಎಂದ.

ತೂಕ ಇನ್ನೂ ತಿಳಿದಿಲ್ಲವಲ್ಲ, ನಾಳೆ ಮತ್ತೆ ತೂಗೋಣವೇ ಎಂದು ಅವಳು ಕೇಳಿದಳು. ಹೂಂ ಅನ್ನಲಿ ಎಂದೇ ಕೇಳಿದಳು. ಅವನು ಬೇಡ ಎಂದು ತಲೆಯಾಡಿಸಿದ.