ತೇಗದ ಮೆಟ್ಟಿಲು

ಮದ್ದೂರಿನಿಂದ ನಮ್ಮೂರಿಗೆ ಬರುವ ದಾರಿಯಲ್ಲಿ ಒಂದು ಬಂಗಲೆ ಇದೆ. ವಿಕ್ಟೋರಿಯಾ ರಾಣಿ ಮುದುಕಿಯಾಗಿದ್ದ ಕಾಲದ್ದು. ರೈಲಿನ ಕೆಲಸಕ್ಕೆ ಬಂದಿದ್ದ ಒಬ್ಬ ದೊರೆ ಕಟ್ಟಿಸಿದ್ದಂತೆ. ಕಮಾನಿನ ಕಿಟಕಿ, ಬಣ್ಣದ ಗಾಜು, ಸೂರಿನ ಅಂಚಿಗೆ ಕೊರೆದ ಮರದ ಜಾಲರಿ. ನಮ್ಮ ಸೆಕೆಯಲ್ಲೂ ಮೈ ಕಾಯಿಸಿಕೊಳ್ಳಲು ಗೋಡೆಯೊಳಗೊಂದು ಒಲೆ! ದೊರೆ ಹೋದ ಮೇಲೆ ಒಬ್ಬ ವಕೀಲರು ಕೊಂಡರು. ಆ ಒಲೆಗೆ ಬಾಗಿಲಿಟ್ಟು ದೇವರ ಗೂಡು ಮಾಡಿಕೊಂಡರು. ವಕೀಲರ ಮಕ್ಕಳು ಗೌಡರಿಗೆ ಮಾರಿದರು. ಗೌಡರು ಜಗಲಿಗೆ ಕಬ್ಬಿಣದ ಸರಳು ಹಾಕಿಸಿ, ಗಾಜು ಒಡೆದಲ್ಲಿ ತಗಡು ಹೊಡೆಸಿದರು. ಒಳಗಿನಿಂದ ತಾರಸಿಗೆ ಹತ್ತುವ ತೇಗದ ಮೆಟ್ಟಿಲನ್ನು ಮಾತ್ರ ಯಾರೂ ಬದಲಾಯಿಸಲಿಲ್ಲ. ಅದರ ಮೇಲೆ ನನಗೆ ಅರುವತ್ತು ವರ್ಷದಿಂದ ಕಣ್ಣಿತ್ತು.

ನಾನಿನ್ನೂ ಲಂಗ ಉಡುತ್ತಿದ್ದಾಗ ಗೌಡರ ತಾರಸಿ ಸೋರಿತು. ತೇಗದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ, ಅದರ ಮೇಲೆ ಸುಣ್ಣದ ಗಾರೆ ಹಾಕಿದ ತಾರಸಿ ಅದು. ಗಾರೆಗೆ ಅಳಲೆಕಾಯಿ, ಬೆಲ್ಲದ ನೀರು ಚಿಮುಕಿಸುತ್ತ ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಲ್ಲಿ ಬಡಿಯಬೇಕು. ಗಾರೆ ಗಟ್ಟಿಯಾಗಿ ಕೊಡತಿ ತಾನಾಗಿ ಮೇಲಕ್ಕೆ ನೆಗೆಯುವವರೆಗೂ ಬಡಿಯಬೇಕು. ಅವ್ವ ಬಡಿಯುತ್ತಿದ್ದಳು, ಪಕ್ಕದಲ್ಲಿ ನಾನು.

ಮೂರನೇ ದಿನ ಮಧ್ಯಾಹ್ನ ಉಣ್ಣಲು ಇಳಿದಾಗ ಮಳೆ ಹನಿಯಿತು. ಹಿತ್ತಲ ಬಿದಿರೇಣಿ ಜಾರುತ್ತಿತ್ತು. ಅವ್ವನಿಗೆ ಆಗ ಐದು ತಿಂಗಳು. ಗೌಡರ ಸೊಸೆ ಬಾಗಿಲಲ್ಲಿ ನಿಂತಿದ್ದಳು.

"ಅವ್ವಾರೇ, ಇವತ್ತೊಂದಿನ ಒಳ್ಗಡೆ ಮೆಟ್ಟ್ಲಲ್ಲಿ ಅತ್ತ್‌ಬುಡ್ತೀನಿ. ಏಣಿ ಜಾರ್ತದೆ."

"ಸುಣ್ಣದ ಕಾಲಿಕ್ಕಂಡು ನಮ್ ಮನೆ ಒಳಿಕ್ ಬಂದೀಯಾ? ದಿನಾ ಅತ್ತೋ ಏಣಿ ಇವತ್ತೇನು ನಿನ್ ಕಚ್ಚದಾ? ಓಗಮ್ಮಿ."

ಅವ್ವ ಏಣಿ ಹತ್ತಿದಳು. ಮೇಲಿನಿಂದ ಮೂರನೇ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಹೊಟ್ಟೆಯಲ್ಲಿದ್ದದ್ದು ಹೋಯಿತು, ಸೊಂಟ ಮುರಿಯಿತು. ಸಾಯುವವರೆಗೂ ಕುಂಡಿ ಎಳೆದುಕೊಂಡೇ ಓಡಾಡಿದಳು. ಅವಳ ಪಾಲಿನ ಬಾಕಿ ತಾರಸಿಯನ್ನು ನಾನು ಬಡಿದೆ. ಅದೇ ಏಣಿ ಹತ್ತಿ.

ಮೂರು ವರ್ಷದ ಹಿಂದೆ ತಾರಸಿ ಮತ್ತೆ ಸೋರಿತು. ಅವತ್ತಿನ ಕೆಲಸದವರಲ್ಲಿ ಉಳಿದವಳು ನಾನೊಬ್ಬಳೇ ಎಂದು ಯಾರೋ ಹೇಳಿದರಂತೆ. ಅವತ್ತಿನ ಸೊಸೆಯೇ ಈಗ ಆ ಮನೆಯ ಮುದುಕಿ. ಅವಳ ಸೊಸೆ ನನ್ನನ್ನು ಹುಡುಕಿಕೊಂಡು ಗದ್ದೆಗೇ ಬಂದಳು.

"ಇತ್ಲಲ್ಲಿ ಏಣಿ ಇಕ್ಸ್ತೀನಿ ಕಣಜ್ಜಿ. ಒಂದ್ಸಲ ಅತ್ತಿ ನೋಡ್ಬುಡು."

"ಈ ವಯಸ್ನಾಗೆ ಏಣಿ ಅತ್ತಾನಾ? ಒಳ್ಗಡೆ ಮೆಟ್ಟ್ಲು ಐತಲ್ಲ, ಗೆದ್ದಲು ತಿಂದದಾ?"

ಅವಳು ನಕ್ಕಳು. ಕರೆದುಕೊಂಡು ಹೋದಳು. ನಡುಮನೆಯಲ್ಲಿ ಮುದುಕಿ ಕುರ್ಚಿಯಲ್ಲಿ ಕೂತಿದ್ದಳು. ಕಣ್ಣು ಮಂಜು, ಬಾಯಿ ಮಾತ್ರ ಹಳೆಯದೇ.

"ಯಾರಮ್ಮಿ ಅದು?"

"ತಾರಸಿ ಬಡ್ದೋಳು ಕಣವ್ವ," ಅಂದೆ ನಾನು.

"ಕಾಲ್ ತೊಳ್ಕಂಡ್ಯಾ?"

"ಇಲ್ಲ. ಗದ್ದೆಯಿಂದ ನೆಟ್ಟ್‌ಗೆ ಬಂದಿವ್ನಿ."

ಒಂದೊಂದು ಮೆಟ್ಟಿಲಿಗೂ ಎರಡು ಕಾಲನ್ನೂ ಊರಿ ಹತ್ತಿದೆ. ಹದಿನೆಂಟು ಮೆಟ್ಟಿಲು. ಕೆಸರು ಚೆನ್ನಾಗಿಯೇ ಅಂಟಿತು.

ಮೇಲೆ ನೋಡಿದರೆ ಅಂಥದ್ದೇನೂ ಆಗಿರಲಿಲ್ಲ. ತಾರಸಿ ಅಂಚಿನ ಕೈಪಿಡಿ ಗೋಡೆಯ ಬುಡದಲ್ಲಿ ಒಂದು ಅರಳಿ ಸಸಿ ಹುಟ್ಟಿ ಬಿರುಕು ಬಿಟ್ಟಿತ್ತು. ಸಸಿ ಕಿತ್ತು, ಬಿರುಕು ಬಿಡಿಸಿ, ಗಾರೆ ತುಂಬಿ ನಾಲ್ಕು ದಿನ ಬಡಿದರೆ ಮುಗಿಯಿತು. ನನ್ನ ಕೈಗೆ ಆಗದಿದ್ದರೂ ಬಾಯಲ್ಲಿ ಹೇಳಿ ಮಾಡಿಸಬಹುದಿತ್ತು. ಮನೆ ಇನ್ನೂ ನೂರು ವರ್ಷ ನಿಲ್ಲುತ್ತಿತ್ತು.

ಜೊತೆಯಲ್ಲಿ ಮೇಸ್ತ್ರಿ ಬಂದಿದ್ದ. "ಅಜ್ಜಿ, ಮ್ಯಾಲೆ ಸಿಮೆಂಟ್ ಬಳ್ದ್‌ಬುಡಾನಾ? ನೀನೇನಂತೀ?"

ಹಲಗೂರಿನ ಹತ್ತಿರ ಒಂದು ಹಳೆಯ ಛತ್ರಕ್ಕೆ ಹಾಗೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಗಾರೆ ಕುಡಿದ ನೀರನ್ನು ಬಿಸಿಲಿಗೆ ಬಿಡುತ್ತದೆ. ಸಿಮೆಂಟು ಅದರ ಬಾಯಿ ಮುಚ್ಚುತ್ತದೆ. ನೀರು ಕೆಳಗಿಳಿದು ತೊಲೆಯಲ್ಲಿ ಕೂರುತ್ತದೆ. ಆ ಛತ್ರದ ತೊಲೆಗೆ ಬೆರಳಿಟ್ಟರೆ ಮುದ್ದೆಗೆ ಇಟ್ಟ ಹಾಗೆ ಒಳಗೆ ಹೋಗುತ್ತಿತ್ತು.

"ಬಳಿಯಪ್ಪ," ಅಂದೆ. "ದಪ್ಪಕ್ಕೆ ಬಳಿ."

ಸೊಸೆ ಕಾಫಿ ಕೊಟ್ಟಳು. ಕುಡಿದು, ಮೆಟ್ಟಿಲಲ್ಲೇ ಇಳಿದು ಬಂದೆ.

ಹೋದ ತಿಂಗಳು ಅದೇ ಸೊಸೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. ತಾರಸಿಯ ಕೆಳಗಿನ ಕೋಣೆಯ ತೊಲೆಗಳು ಬಾಗಿವೆಯಂತೆ, ಅಲ್ಲಿ ಯಾರೂ ಮಲಗದ ಹಾಗೆ ಬೀಗ ಹಾಕಿದ್ದಾರಂತೆ. ಬಂಗಲೆ ಕೆಡವಬೇಕೆಂದು ಮೇಸ್ತ್ರಿ ಹೇಳುತ್ತಿದ್ದಾನಂತೆ. ಅತ್ತೆ ದಿನವೂ ಅಳುತ್ತಾಳಂತೆ.

"ಇಂಗಾಯ್ತದೆ ಅಂತ ನಿಂಗೆ ಗೊತ್ತಿತ್ತಾ ಅಜ್ಜಿ?"

"ಗೊತ್ತಿತ್ತು. ನಿಮ್ಮತ್ತೆಗೂ ಏಣಿ ಜಾರ್ತದೆ ಅಂತ ಗೊತ್ತಿತ್ತು. ಓಗಿ ಕೇಳು."

ಬಸ್ಸು ಬಂತು, ಹತ್ತಿದೆ.

ಆ ತಾರಸಿಯ ಒಂದು ಮೂಲೆಯಲ್ಲಿ ಅವ್ವ ಬಡಿದ ಗಾರೆ ಇದೆ, ಎರಡೂವರೆ ದಿನದ್ದು. ಕೆಡವಿದರೆ ಅದೂ ಬೀಳುತ್ತದೆ. ಬೀಳಲಿ.