ವಿಭೂತಿ ತುಂಬಿದ ಫ್ಯಾನು

ಕೊರೊನಾ ಹಾವಳಿ ತಣ್ಣಗಾದ ಮರುವರ್ಷದ ಮಾತು. ಆಗ ನಾನು ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನನ್ನದೇ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿದ್ದೆ. ಅದಕ್ಕೂ ಮೊದಲು ಒಂದು ಕಂಪನಿಯ ಸರ್ವಿಸ್ ಎಂಜಿನಿಯರ್ ಆಗಿ, ಹೆಗಲಿಗೆ ಬ್ಯಾಗು ಹಾಕಿಕೊಂಡು ದೇವದುರ್ಗ, ಜಾಲಹಳ್ಳಿ, ಅರಕೇರಾ, ಮಾನ್ವಿ ಎಂದು ಬಸ್ಸಿನಲ್ಲಿ ಸುತ್ತಿದವನು. ನಮ್ಮ ಜಿಲ್ಲೆಯಲ್ಲಿ ಕಂಪ್ಯೂಟರು ಕೆಡುವುದು ವೈರಸ್ಸಿನಿಂದಲ್ಲ, ದೂಳಿನಿಂದ. ಜನ ಸಿಪಿಯು ಎಂದು ಕರೆಯುವ ಡಬ್ಬಿಗೆ ನಮ್ಮ ಭಾಷೆಯಲ್ಲಿ ಕ್ಯಾಬಿನೆಟ್ ಎನ್ನುತ್ತೇವೆ. ಅದರ ಪಕ್ಕದ ತಗಡು ತೆಗೆದರೆ ಸಾಕು, ಯಾವ ಊರಿನಿಂದ ಬಂದಿದೆ ಎಂದು ಹೇಳಿಬಿಡುತ್ತಿದ್ದೆ. ಒಳಗೆ ಹತ್ತಿಯ ಎಳೆ ಸುತ್ತಿಕೊಂಡಿದ್ದರೆ ದೇವದುರ್ಗದ ಕಡೆಯದು. ತೌಡು ಅಂಟಿದ್ದರೆ ಮಾನ್ವಿಯದು, ರೈಸ್ ಮಿಲ್ಲಿನ ನೆರೆಮನೆಯದು.

ನನಗೆ ಒಂದು ಹಟವಿತ್ತು. ನನ್ನ ಕೈಯಿಂದ ಹೋದ ಯಂತ್ರ ಸಪ್ಪಳ ಮಾಡಬಾರದು. ಕ್ಯಾಬಿನೆಟ್ಟಿನ ಹಿಂಭಾಗದಲ್ಲಿ ಒಳಗಿನ ಬಿಸಿಗಾಳಿಯನ್ನು ಹೊರಗೆ ತಳ್ಳಲು ಅಂಗೈಯಗಲದ ಒಂದು ಫ್ಯಾನು ಇರುತ್ತದೆ. ದೂಳು ಸೇರಿ ಅದರ ಬೇರಿಂಗ್ ಸವೆದರೆ ಗರ್ರ್ ಎಂದು ಒದರಲು ಶುರು ಮಾಡುತ್ತದೆ. ಆ ಸಪ್ಪಳ ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಗಿರಾಕಿ ಕೀಬೋರ್ಡು ರಿಪೇರಿಗೆಂದು ಬಂದಿದ್ದರೂ ಫ್ಯಾನು ಬದಲಿಸದೆ ಕಳಿಸುತ್ತಿರಲಿಲ್ಲ. ‘ಕಂಪ್ಯೂಟರ್ ಚಾಲೂ ಅದನೋ ಇಲ್ಲೋ ಅಂತ ಕಣ್ಣಿಗಿ ಗೊತ್ತಾಗಬೇಕು, ಕಿವಿಗಲ್ಲ’ ಎಂಬುದು ನನ್ನ ಡೈಲಾಗು.

ಮಾನ್ವಿಯಲ್ಲಿ ನನ್ನ ಅಕ್ಕ ಬಸಮ್ಮನ ಮನೆ. ಭಾವ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಮುನೀಮ. ಮಗ ವೀರೇಶ, ಅವನ ಬೆನ್ನಿಗೆ ಹುಟ್ಟಿದವಳು ಶಿವಲೀಲಾ. ವೀರೇಶ ಹಗಲು ಒಂದು ಝೆರಾಕ್ಸ್ ಅಂಗಡಿಯಲ್ಲಿ ದುಡಿದು, ಸಂಜೆ ಮನೆಗೆ ಬಂದು ತನ್ನ ಕಂಪ್ಯೂಟರಿನಲ್ಲಿ ಮದುವೆ ಕಾರ್ಡುಗಳನ್ನು ಟೈಪು ಮಾಡುತ್ತಿದ್ದ. ಅವನು ಪಿಯುಸಿ ಮುಗಿಸಿದಾಗ ಆ ಯಂತ್ರವನ್ನು ನಾನೇ ಜೋಡಿಸಿ ಕೊಟ್ಟಿದ್ದೆ. ಅಮಾವಾಸ್ಯೆ ಬಂದರೆ ನಮ್ಮ ಕಡೆ ಅಂಗಡಿಯ ತಕ್ಕಡಿಯಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಪೂಜೆ. ಅಕ್ಕ ಕಂಪ್ಯೂಟರನ್ನೂ ಬಿಡುತ್ತಿರಲಿಲ್ಲ. ಮುಂದಿನ ಪ್ಲಾಸ್ಟಿಕ್ಕಿಗೆ ವಿಭೂತಿ ನಿಲ್ಲುವುದಿಲ್ಲವೆಂದು ಪಕ್ಕದ ತಗಡಿಗೆ ಮೂರು ಬೆರಳು ಎಳೆಯುತ್ತಿದ್ದಳು. ಗಾಳಿ ಒಳಗೆ ಹೋಗುವ ಕಿಂಡಿಗಳು ಇರುವುದೇ ಅಲ್ಲಿ. ವಿಭೂತಿ ಒಣಗಿ, ಉದುರಿ, ಗಾಳಿಯ ಜೊತೆ ಒಳಗೆ ಹೋಗಿ ಫ್ಯಾನಿಗೆ ಕೂರುತ್ತಿತ್ತು.

‘ಯವ್ವಾ, ನಿನ್ನ ವಿಭೂತಿಗಿ ಇದು ಒಂದಿನ ಕೈಲಾಸ ಸೇರ್ತದ ನೋಡು’ ಎಂದು ವೀರೇಶ ಚೇಷ್ಟೆ ಮಾಡುತ್ತಿದ್ದ. ಫ್ಯಾನು ಗರ್ರ್ ಎಂದರೆ ತಗಡಿಗೆ ಅಂಗೈಯಿಂದ ಎರಡು ಬಡಿಯುತ್ತಿದ್ದ. ಸಪ್ಪಳ ಸಣ್ಣದಾಗುತ್ತಿತ್ತು. ಬಡಿದು ಬಡಿದು ಅಲ್ಲೊಂದು ತಗ್ಗು ಬಿದ್ದಿತ್ತು. ಹೋದಾಗಲೆಲ್ಲ ನಾನು ಫ್ಯಾನು ಬದಲಿಸುತ್ತೇನೆ ಎನ್ನುತ್ತಿದ್ದೆ, ಅವನು ‘ಇರ್ಲಿ ಬಿಡ್ರಿ ಮಾಮಾ, ಅದಕ್ಕೂ ನಮ್ಮ ಅವ್ವನಂಗ ಒಟಗುಟ್ಟೋ ಚಟ’ ಎಂದು ನಗುತ್ತಿದ್ದ.

ಆ ವೀರೇಶ ಒಂದು ಸಂಜೆ ಸಿಂಧನೂರು ರಸ್ತೆಯಲ್ಲಿ, ದೀಪವಿಲ್ಲದೆ ನಿಂತಿದ್ದ ಭತ್ತದ ಟ್ರ್ಯಾಲಿಗೆ ಬೈಕು ಗುದ್ದಿ ಹೋಗಿಬಿಟ್ಟ. ಪೋಸ್ಟ್‌ಮಾರ್ಟಂ ಮುಗಿದು ಬಂದ ಹೆಣವನ್ನು ಅಕ್ಕನಿಗೆ ಬಿಚ್ಚಿ ತೋರಿಸುವ ಧೈರ್ಯ ಗಂಡಸರಾದ ನಮಗೆ ಯಾರಿಗೂ ಆಗಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಮಗನ ಮೇಲೆ ಕೈಯಾಡಿಸಿ ಅವಳು ಹಿಂದೆ ಸರಿದಳು. ಹೆಣದ ಹಣೆಗೆ ವಿಭೂತಿ ಹಚ್ಚುವುದೂ ಅವಳಿಗೆ ಆಗಲಿಲ್ಲ. ನಾವು ಒಯ್ದು ಮಣ್ಣು ಮಾಡಿ ಬಂದೆವು.

ಎರಡು ವರ್ಷದ ಮೇಲೆ ಶಿವಲೀಲಾ ಫೋನು ಮಾಡಿದಳು. ಅಣ್ಣ ಹೋದ ಮೇಲೆ ಬಿ.ಕಾಂ. ಅರ್ಧಕ್ಕೆ ಬಿಟ್ಟು ಮನೆ ಹಿಡಿದಿದ್ದ ಹುಡುಗಿ, ಹೇಗೋ ಮನಸ್ಸು ಮಾಡಿ ಓದು ಮುಗಿಸಿದ್ದಳು. ಭಾವನ ಮಿಲ್ಲಿನವರು ಬಿಲ್ಲು, ಜಿಎಸ್‌ಟಿ ಕೆಲಸವನ್ನು ಮನೆಯಿಂದಲೇ ಮಾಡು ಎಂದಿದ್ದರು. ಅವಳು ಮತ್ತೆ ನಾಲ್ಕು ಜನರಂತೆ ಬದುಕುವುದಕ್ಕೆ ಅದೊಂದೇ ಬಾಗಿಲು ತೆರೆದಿತ್ತು. ಅಣ್ಣನ ಯಂತ್ರಕ್ಕೆ ಹೊಸ ಸಾಫ್ಟ್‌ವೇರಿನ ಭಾರ ತಡೆಯುವ ತಾಕತ್ತಿರಲಿಲ್ಲ. ಪೂರ್ತಿ ಹೊಸದು ಕೊಳ್ಳುವ ತಾಕತ್ತು ಮನೆಯವರಿಗಿರಲಿಲ್ಲ. ನಾನು ಲೆಕ್ಕ ಹಾಕಿದೆ. ಮಾನಿಟರ್, ಕೀಬೋರ್ಡು, ಕ್ಯಾಬಿನೆಟ್ ಹಳೆಯವೇ ಇರಲಿ. ಬಳಸಿದ್ದೇ ಆದರೂ ಗಟ್ಟಿಮುಟ್ಟಾದ ಒಂದು ಮದರ್‌ಬೋರ್ಡು, ಪ್ರೊಸೆಸರ್ ಹಾಕಿ, ಹಾರ್ಡ್ ಡಿಸ್ಕಿನ ಬದಲಿಗೆ ಅದಕ್ಕಿಂತ ಎಷ್ಟೋ ಚುರುಕಾದ ಎಸ್‌ಎಸ್‌ಡಿ ಕೂರಿಸಿದರೆ ಯಂತ್ರ ಕುದುರೆಯಂತೆ ಓಡುತ್ತದೆ.

ಅಕ್ಕ ಒಪ್ಪಲಿಲ್ಲ. ‘ಅದನ್ನ ಬಿಚ್ಚಬ್ಯಾಡಪ’ ಎಂದಳು, ಅಷ್ಟೇ. ಒಳಗಿರುವ ಮಗನ ಫೋಟೊಗಳು ಅಳಿಸಿಹೋಗುತ್ತವೆಂಬ ಹೆದರಿಕೆ ಎಂದು ನಾನು ತಿಳಿದುಕೊಂಡೆ. ಎಲ್ಲ ಗಿರಾಕಿಗಳ ಹೆದರಿಕೆಯೂ ಅದೇ ಅಲ್ಲವೇ? ‘ಅಕ್ಕಾ, ಒಂದೂ ಹೋಗಂಗಿಲ್ಲ, ನನ್ನ ಮಾತು ನಂಬು’ ಎಂದು ಆಣೆ ಮಾಡಿದೆ. ಅವಳು ಮಗಳ ಮುಖ ನೋಡಿದಳು. ಆಮೇಲೆ ‘ಒಯ್ಯಿ’ ಎಂದು ಒಳಗೆ ಹೋದಳು.

ಅಂಗಡಿಗೆ ತಂದು ತಗಡು ತೆಗೆದೆ. ಇಷ್ಟು ವರ್ಷದ ಕೆಲಸದಲ್ಲಿ ಅಂಥದ್ದನ್ನು ನೋಡಿರಲಿಲ್ಲ. ಎಲ್ಲರ ಯಂತ್ರದೊಳಗೆ ಕಪ್ಪು ದೂಳು, ಇದರೊಳಗೆ ಬೆಳ್ಳಗೆ ವಿಭೂತಿ. ಅಮಾವಾಸ್ಯೆಗೊಮ್ಮೆ ಹಚ್ಚಿದರೆ ಇಷ್ಟು ಆಗುವುದಿಲ್ಲ. ಮಗ ಹೋದ ಮೇಲೆ ಇವಳು ದಿನವೂ ಹಚ್ಚಿದ್ದಾಳೆ ಎಂದು ತಿಳಿದು ಸ್ಕ್ರೂಡ್ರೈವರ್ ಕೆಳಗಿಟ್ಟೆ. ಆಮೇಲೆ ಕೆಲಸ ಕೆಲಸವೇ. ಒದರುವ ಫ್ಯಾನನ್ನು ವಿಭೂತಿ ಸಮೇತ ಬಿಚ್ಚಿ ಗುಜರಿ ಡಬ್ಬಕ್ಕೆ ಎಸೆದೆ, ಬ್ಲೋವರ್ ಹಿಡಿದು ಒಳಗೆಲ್ಲ ಊದಿದೆ, ತಗಡು ಒರೆಸಿದೆ, ಹೊಸ ಫ್ಯಾನು ಹಾಕಿದೆ. ವೀರೇಶನ ಫೋಟೊ, ಅವನು ಮಾಡಿದ ಮದುವೆ ಕಾರ್ಡು, ಎಲ್ಲವನ್ನೂ ಹೊಸ ಎಸ್‌ಎಸ್‌ಡಿಗೆ ಕಾಪಿ ಮಾಡಿದೆ. ಮಾನ್ವಿಗೆ ಒಯ್ದು ಜೋಡಿಸಿ ಗುಂಡಿ ಒತ್ತಿದೆ. ಯಂತ್ರ ಉಸಿರೂ ಎತ್ತಲಿಲ್ಲ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ‘ಚಾಲೂ ಆಗೇದೇನು?’

‘ಆಗಿ ಎಷ್ಟೊತ್ತಾತು! ಒಂದೀಟರ ಸಪ್ಪಳ ಅದನೇನು ನೋಡು’ ಎಂದು ಎದೆಯುಬ್ಬಿಸಿದೆ.

ಅವಳು ಒಳಗೆ ಬಂದು ಕ್ಯಾಬಿನೆಟ್ಟಿನ ಮೇಲೆ ಕೈಯಿಟ್ಟಳು. ‘ಛಲೋ ಮಾಡೀದಿ ತಮ್ಮಾ’ ಎಂದು ಹೊರಗೆ ಹೋದಳು. ಶಿವಲೀಲಾ ಫೋಟೊಗಳನ್ನು ಒಂದೊಂದಾಗಿ ತೆರೆದು ಅಳುತ್ತ ಕುಳಿತಳು. ಮಾತು ಉಳಿಸಿಕೊಂಡೆನೆಂದು ನಾನು ಬಸ್ಸು ಹತ್ತಿದೆ.

ಕೆಲವು ದಿನದ ಮೇಲೆ ಮತ್ತೆ ಶಿವಲೀಲಾ ಫೋನು. ಯಂತ್ರದ ದೂರಲ್ಲ. ‘ಮಾಮಾ, ಅವ್ವ ಸಂಜಿಗಿ ಅಡಗಿ ಮನ್ಯಾಗ ನಿಲ್ಲಾಂಗಿಲ್ರಿ. ಕಟ್ಟಿ ಮ್ಯಾಲ ಹೋಗಿ ಕುಂದ್ರತಾಳ. ರೊಟ್ಟಿ ನಾನ ಬಡ್ಯಾಕತ್ತೀನಿ. ಉಂಡರ ಉಂಡಳು, ಇಲ್ಲಂದ್ರ ಇಲ್ಲ. ಕೇಳಿದ್ರ ಏನಿಲ್ಲಂತಾಳ.’

ಭಾನುವಾರ ಅಂಗಡಿ ಮುಚ್ಚಿ ಹೋದೆ. ಅಕ್ಕ ಕಟ್ಟೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಕುಳಿತು, ಏನಾಗೇದ ಹೇಳು ಎಂದು ಹಟ ಹಿಡಿದೆ. ಅವಳು ಕಡೆಗೆ ಬಾಯಿ ಬಿಟ್ಟಳು.

‘ಸಂಜಿ ದೀಪ ಹಚ್ಚಿ ಅದರ ಗುಂಡಿ ಒತ್ತತಿದ್ದೆ ತಮ್ಮಾ. ಅದು ಗರ್ರ್ ಅಂತಿತ್ತು. ಅಂವ ಬಡದಂಗ ಎರಡು ಬಡದ್ರ ಸಣ್ಣ ಆಗತಿತ್ತು. ಆ ಕ್ವಾಣ್ಯಾಗ ಅದು ಅನಕೋತ ಇರತಿತ್ತು, ಇತ್ತ ನಾ ರೊಟ್ಟಿ ಬಡೀತಿದ್ದೆ. ಮಗ ಇಲ್ಲಂತ ಗೊತ್ತದ, ನಾ ಏನು ಹುಚ್ಚಿ ಅಲ್ಲ. ಆದ್ರ ಆ ಸಪ್ಪಳ ಇದ್ರ ಕೈ ಕೆಲಸ ಮಾಡತಿತ್ತು. ಈಗ ಕೈ ಏಳಂಗಿಲ್ಲ.’

‘ಮೊದಲ ಯಾಕ ಹೇಳಲಿಲ್ಲಕ್ಕಾ?’

‘ಏನಂತ ಹೇಳ್ಲಿ? ಮಗಳು ಎದ್ದು ನಿಂತಾಳ, ಕೆಟ್ಟ ಸಪ್ಪಳ ನನಗ ಬೇಕು ಅಂತ ಹ್ಯಾಂಗ ಅನ್ನಲಿ?’

ಫೋಟೊ, ಫೈಲು ಎಲ್ಲ ಉಳಿಸಿ, ಆ ಮನೆಗೆ ಬೇಕಾಗಿದ್ದ ಒಂದನ್ನು ಮಾತ್ರ ತೆಗೆದುಹಾಕಿದ್ದೆ. ರಾಯಚೂರಿಗೆ ಬಂದವನೇ ಗುಜರಿ ಡಬ್ಬ ನೋಡಿದರೆ ಖಾಲಿ. ಶನಿವಾರವೇ ಚಾಂದ್‌ಭಾಯಿ ಒಯ್ದಿದ್ದ. ಹಳೆಯ ಪಾರ್ಟುಗಳನ್ನು ಒಟ್ಟುಮಾಡಿ ಹೈದರಾಬಾದಿಗೆ ಕಳಿಸುವ ವ್ಯಾಪಾರ ಅವನದು. ಮರುದಿನ ಬೆಳಿಗ್ಗೆ ಅವನ ಗೋದಾಮಿಗೆ ಓಡಿದೆ. ಚೀಲಗಳು ಲಾರಿಗೆ ಏರಲು ಸಾಲಾಗಿ ನಿಂತಿದ್ದವು.

‘ಒಂದು ಸುಡುಗಾಡು ಫ್ಯಾನಿಗಿ ಇಷ್ಟು ಪರೇಶಾನ್ ಯಾಕ ಆಗ್ತೀರಿ ಭಾಯ್? ಬೇಕಾದಷ್ಟು ಅವ, ಒಂದು ತಗೊಂಡು ಹೋಗ್ರಿ’ ಎಂದ. ಅದೇ ಬೇಕು ಎಂದು ಕಾರಣ ಹೇಳಿದೆ. ಅವನು ಚೀಲದ ಬಾಯಿ ಬಿಚ್ಚಿ, ನೆಲಕ್ಕೆ ಸುರುವಿ, ನನ್ನ ಜೊತೆ ತಾನೂ ಕುಕ್ಕರುಗಾಲಿನಲ್ಲಿ ಕುಳಿತ. ನೋಡಲು ಎಲ್ಲವೂ ಒಂದೇ ಥರದ ಕಪ್ಪು ಫ್ಯಾನುಗಳು. ನಾನು ರೆಕ್ಕೆಗಳ ಸಂದಿಯಲ್ಲಿ ಬಿಳುಪು ಹುಡುಕುತ್ತ ಹೋದೆ. ಕೈಗೆ ಸಿಕ್ಕಿದ್ದು ಅವನಿಗೇ. ಬೆರಳಿಗೆ ಹತ್ತಿದ ಬೂದಿ ನೋಡಿ, ‘ಇದ ನೋಡ್ರಿ. ಒರೆಸಬ್ಯಾಡ್ರಿ, ಹಂಗೇ ಒಯ್ರಿ’ ಎಂದ.

ಅಂದೇ ಸಂಜೆ ಮಾನ್ವಿಯಲ್ಲಿ ಹೊಸ ಫ್ಯಾನು ಬಿಚ್ಚಿ ಹಳೆಯದನ್ನು ಹಾಕಿದೆ. ಶಿವಲೀಲಾ ಗುಂಡಿ ಒತ್ತಿದಳು. ಗರ್ರ್ ಎಂದಿತು. ಅಕ್ಕ ಬಂದು, ಆ ತಗ್ಗಿನ ಮೇಲೆ ಅಂಗೈಯಿಂದ ಎರಡು ಬಡಿದಳು. ಸಪ್ಪಳ ಸಣ್ಣದಾಯಿತು. ಅವಳು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಅಂದು ನಾನು ಅಲ್ಲೇ ಉಂಡೆ.

ಆ ಬೇರಿಂಗ್ ಬಹಳ ದಿನ ಬಾಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಕ್ಕನಿಗೆ ಹೇಳಲು ಬಾಯಿ ಬರಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಶಿವಲೀಲಾ ಫೋನು ಮಾಡಿ, ‘ಮಾಮಾ, ನಿಂತದ’ ಎಂದಳು. ಏನು ಎಂದು ಕೇಳಬೇಕಾಗಲಿಲ್ಲ. ಹೊಲಿಗೆ ಮಷೀನಿನ ಎಣ್ಣೆಯ ಶೀಸೆ ಜೇಬಿಗೆ ಹಾಕಿಕೊಂಡು ಹೋದೆ. ಫ್ಯಾನಿನ ಹಿಂದಿನ ಸ್ಟಿಕರ್ ಎಬ್ಬಿಸಿ ಒಂದೆರಡು ಹನಿ ಬಿಟ್ಟರೆ ಇನ್ನಷ್ಟು ದಿನ ತಿರುಗುತ್ತದೆ. ನಮ್ಮ ಕಸುಬಿನ ಹಳೆಯ ಉಪಾಯ.

ಅಕ್ಕ ಶೀಸೆಯನ್ನು ನೋಡಿದಳು. ‘ಬ್ಯಾಡಪ. ಅದು ದಣದದ. ಬಿಚ್ಚಿ ನನ್ನ ಕೈಯಾಗ ಕೊಡು.’

ನಾಲ್ಕು ಸ್ಕ್ರೂ ಬಿಚ್ಚಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು, ದೇವರ ಜಗುಲಿಯಿಂದ ವಿಭೂತಿ ಗಟ್ಟಿ ತರಿಸಿ, ಮೂರು ಬೆರಳಿನಿಂದ ಹಚ್ಚಿದಳು. ಅವಸರವಿಲ್ಲದೆ, ಮಗುವಿನ ಹಣೆಗೆ ಹಚ್ಚಿದ ಹಾಗೆ. ‘ಅವತ್ತ ನನ್ನ ಕೈಲೆ ಹಚ್ಚಾಕ ಆಗಲಿಲ್ಲ’ ಎಂದಳು. ಆಮೇಲೆ ಎದ್ದು ಸೆರಗು ಹೊದ್ದು, ‘ನಡಿ’ ಎಂದಳು.

ವೀರೇಶನನ್ನು ಮಣ್ಣು ಮಾಡಿದ ಜಾಗಕ್ಕೆ ನಾವು ಮೂವರೂ ಹೋದೆವು. ನಾನು ಅಗೆದೆ. ಅವಳು ತಾನೇ ಕೆಳಗಿಟ್ಟು ಮಣ್ಣು ಎಳೆದಳು. ಮಗ ಹೋದ ದಿನ ಅಳದಿದ್ದ ನನ್ನ ಅಕ್ಕ ಅಂದು ಬಾಯಿ ಬಿಟ್ಟು ಅತ್ತಳು. ನಾನೂ ಅತ್ತೆ.

ಆ ಸಂಜೆ, ಹಿಂದೆ ಬಿಚ್ಚಿಟ್ಟಿದ್ದ ಹೊಸ ಫ್ಯಾನನ್ನೇ ಹಾಕಿ ಕೊಟ್ಟೆ. ಯಂತ್ರ ಸಪ್ಪಳವಿಲ್ಲದೆ ಶುರುವಾಯಿತು. ಶಿವಲೀಲಾ ಮಿಲ್ಲಿನ ಬಿಲ್ಲು ತೆರೆದು ಕುಳಿತಳು. ಅಕ್ಕ ರೊಟ್ಟಿ ಬಡಿದಳು, ನಡುನಡುವೆ ನಿಲ್ಲಿಸುತ್ತ, ಮತ್ತೆ ಬಡಿಯುತ್ತ.

ಕಸುಬು ನನಗೆ ಕಲಿಸಿದ ಪಾಠ ದೊಡ್ಡದೇನಲ್ಲ. ಮೊದಲೆಲ್ಲ ಗಿರಾಕಿ ಬಂದ ಕೂಡಲೇ ‘ಏನು ತೊಂದರೆ?’ ಎನ್ನುತ್ತಿದ್ದೆ. ಈಗ ‘ಇದು ಯಾರದು?’ ಎಂದು ಕೇಳಿ ಆಮೇಲೆ ತಗಡು ತೆಗೆಯುತ್ತೇನೆ. ಬಿಚ್ಚಿದ ಹಳೆಯ ಪಾರ್ಟನ್ನು ಗುಜರಿ ಡಬ್ಬಕ್ಕೆ ಎಸೆಯುವ ಮೊದಲು ಅವರ ಕೈಗಿಟ್ಟು, ‘ಇದು ಬೇಕೇನ್ರಿ?’ ಎನ್ನುತ್ತೇನೆ. ಹೆಚ್ಚಿನವರು ನಗುತ್ತಾರೆ, ಈ ಕಸ ಯಾರಿಗೆ ಬೇಕು ಎನ್ನುತ್ತಾರೆ. ಅಪರೂಪಕ್ಕೊಬ್ಬರು ನಗುವುದಿಲ್ಲ. ಪಾರ್ಟನ್ನು ಹಾಗೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಅಂಥವರನ್ನು ನಾನು ಏನೂ ಕೇಳುವುದಿಲ್ಲ.